ಕಾಫಿ ದುಡ್ಡಿಗೆ ಎಷ್ಟು ಪಾಸ್‌ಬುಕ್?

ಹಣದ ಮಾತು: ಓದುಗರ ಪ್ರಶ್ನೆ, ಉತ್ತರ

ಪ್ರಶ್ನೆ: ಮೇಡಂ, ಆಲ್ದೂರಿನ ಹತ್ತಿರ ನಮ್ಮದು ಸಣ್ಣ ತೋಟ. ಮಾರ್ಚ್ ಕೊನೆಗೆ ಕಾಫಿ, ಮೆಣಸು ಮಾರಿದ ದುಡ್ಡು ಸುಮಾರು 12 ಲಕ್ಷ ಒಟ್ಟಿಗೇ ಕೈಗೆ ಬರುತ್ತದೆ. ಬಟವಾಡೆ (ಆಳುಗಳ ಕೂಲಿ), ಗೊಬ್ಬರ, ಮನೆ ಖರ್ಚು ಎಲ್ಲಾ ಸೇರಿ ತಿಂಗಳಿಗೆ ಸರಾಸರಿ 75 ಸಾವಿರ ಹೋಗುತ್ತದೆ. ವರ್ಷದ ಕೊನೆಗೆ 3 ಲಕ್ಷ ಉಳಿಯುತ್ತದೆ. ಈಗ ಅಷ್ಟೂ ಒಂದೇ ಎಸ್‌ಬಿ (ಉಳಿತಾಯ) ಖಾತೆಯಲ್ಲಿದೆ. ಬೆಂಗಳೂರಿನಲ್ಲಿರುವ ಮಗ ‘ಅಪ್ಪಾ, ಐದು ಬ್ಯಾಂಕಲ್ಲಿ ಅಕೌಂಟ್ ಮಾಡು, ಎಲ್ಲಿ ಬಡ್ಡಿ ಜಾಸ್ತಿಯೋ ಅಲ್ಲಿಗೆ ಮೊಬೈಲಲ್ಲೇ ಹಾಕ್ತಾ ಇರು’ ಅನ್ನುತ್ತಾನೆ. ಹಾಗೆ ಮಾಡಬಹುದಾ? ನನಗೆ 58 ವರ್ಷ.
(ಒಬ್ಬ ಬೆಳೆಗಾರರು, ಚಿಕ್ಕಮಗಳೂರು ತಾಲ್ಲೂಕು)

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ಸರಿ. 12 ಲಕ್ಷ ಒಂದೇ ಎಸ್‌ಬಿ ಖಾತೆಯಲ್ಲಿ ಸುಮ್ನೆ ಬಿದ್ದಿರಬಾರದು. ಆದರೆ ಐದು ಅಕೌಂಟ್ ಅಂದಾಗ ನನಗೆ ನನ್ನದೇ ಪಾಸ್‌ಬುಕ್ ಒಂದು ನೆನಪಾಗುತ್ತದೆ.

ನಾನು 33 ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತವಳು. ನಿವೃತ್ತಿಯಾದ ಮೇಲೆ ಕೈಯಲ್ಲಿ ಸಮಯ ಇತ್ತು, ತಲೆಯಲ್ಲಿ ಸ್ವಲ್ಪ ಜಂಬವೂ ಇತ್ತು. ಇನ್ನೊಂದು ಬ್ಯಾಂಕಿನಲ್ಲಿ ಎಸ್‌ಬಿಗೆ ಮೂರೂವರೆ ಪರ್ಸೆಂಟ್ ಕೊಡುತ್ತಾರೆ, ನಮ್ಮಲ್ಲಿಗಿಂತ ಅರ್ಧ ಪರ್ಸೆಂಟ್ ಜಾಸ್ತಿ ಅಂತ ಹೋಗಿ ಖಾತೆ ತೆರೆದೆ. ಮಿನಿಮಮ್ ಬ್ಯಾಲೆನ್ಸ್ 10 ಸಾವಿರ. ಮೊಮ್ಮಗಳ ನಾಮಕರಣದ ಗಡಿಬಿಡಿಯಲ್ಲಿ ಅದರಿಂದ ದುಡ್ಡು ತೆಗೆದೆ, 6,200 ಉಳಿಯಿತು, ಮರೆತೇಬಿಟ್ಟೆ. ಮೂರು ತಿಂಗಳು ಬಿಟ್ಟು ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಒಂದು ಸಾಲು: ಬಡ್ಡಿ ಜಮಾ 54 ರೂಪಾಯಿ. ಅದರ ಕೆಳಗಿನ ಸಾಲು: ಬ್ಯಾಲೆನ್ಸ್ ಇಲ್ಲದ್ದಕ್ಕೆ ಕಡಿತ 354 ರೂಪಾಯಿ. ದಂಡ 300, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 54. ನನ್ನ ಮೂರು ತಿಂಗಳ ಬಡ್ಡಿ ಸರಿಯಾಗಿ ಆ ಜಿಎಸ್‌ಟಿಗೆ ಸಾಕಾಯಿತು! ಕೌಂಟರಿನಲ್ಲಿದ್ದ ಹುಡುಗನಿಗೆ ನಾನು ಯಾರು ಅಂತ ಹೇಳಲೂ ನಾಚಿಕೆಯಾಯಿತು. ಸುಮ್ನೆ ಎದ್ದು ಬಂದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 12 ಲಕ್ಷದಿಂದ ತಿಂಗಳ ಕೊನೆಗೆ 75 ಸಾವಿರದಂತೆ ತೆಗೆದರೆ, ವರ್ಷಪೂರ್ತಿ ಸರಾಸರಿ 7 ಲಕ್ಷದ 87 ಸಾವಿರ ಖಾತೆಯಲ್ಲಿ ಇದ್ದಂತೆ. ಸ್ಟೇಟ್ ಬ್ಯಾಂಕ್ 2025ರ ಜೂನ್‌ನಲ್ಲಿ ಎಸ್‌ಬಿ ಬಡ್ಡಿಯನ್ನು 2.5ಕ್ಕೆ ಇಳಿಸಿತು. ಆ ದರದಲ್ಲಿ ನಿಮಗೆ ವರ್ಷಕ್ಕೆ 19,700 ರೂಪಾಯಿ ಆಸುಪಾಸು ಬರುತ್ತದೆ. ಮಗನ ಮಾತು ಕೇಳಿ ಐದು ಕಡೆ ಹಂಚಿ, ಓಡಾಡಿ, ಸರಾಸರಿ 3 ಪರ್ಸೆಂಟ್ ಗಿಟ್ಟಿಸಿದಿರಿ ಅಂತಿಟ್ಟುಕೊಳ್ಳಿ. 23,600 ಆಯಿತು. ಜಾಸ್ತಿ ಸಿಕ್ಕಿದ್ದು 4 ಸಾವಿರವೂ ಇಲ್ಲ. ಅದರಲ್ಲಿ ಐದು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ ಕಳೆಯಿರಿ. ನನ್ನ ಹಾಗೆ ಒಂದು ಸಲ ಮರೆತರೆ ಅದನ್ನೂ ಕಳೆಯಿರಿ.

ಈಗ ಇನ್ನೊಂದು ದಾರಿ. ಖಾತೆ ಒಂದೇ ಇರಲಿ, ದುಡ್ಡನ್ನು ಮಾತ್ರ ತುಂಡು ಮಾಡಿ. ಏಪ್ರಿಲ್‌ನಿಂದ ಜೂನ್ ತನಕದ ಖರ್ಚು ಎರಡೂಕಾಲು ಲಕ್ಷ ಎಸ್‌ಬಿಯಲ್ಲೇ ಇರಲಿ. ಜುಲೈನಿಂದ ಸೆಪ್ಟೆಂಬರ್ ಖರ್ಚಿನ ಎರಡೂಕಾಲು ಲಕ್ಷ ಮೂರು ತಿಂಗಳ ಎಫ್‌ಡಿ, ಅಂದರೆ ನಿಶ್ಚಿತ ಅವಧಿಯ ಠೇವಣಿ. ಅದರ ಮುಂದಿನದು ಆರು ತಿಂಗಳು, ಅದರ ಮುಂದಿನದು ಒಂಬತ್ತು ತಿಂಗಳು. ಉಳಿಯುವ 3 ಲಕ್ಷ ಒಂದು ವರ್ಷಕ್ಕೆ. ಬಡ್ಡಿ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಆಗಾಗ ಬದಲಾಗುತ್ತದೆ. ಲೆಕ್ಕಕ್ಕೆ ಅಂತ ಮೂರು ತಿಂಗಳಿಗೆ 4.5, ಆರಕ್ಕೆ 5.5, ಒಂಬತ್ತಕ್ಕೆ 5.75, ವರ್ಷಕ್ಕೆ 6.25 ಇಟ್ಟುಕೊಳ್ಳುತ್ತೇನೆ. ಆಗ ಸಾಲಾಗಿ 2,530, 6,190, 9,700, 18,750. ಪ್ರತಿ ಎಫ್‌ಡಿ ಮುಗಿದು ಎಸ್‌ಬಿಗೆ ಬಂದು ಖರ್ಚಾಗುವ ತನಕದ ಬಡ್ಡಿ ವರ್ಷಕ್ಕೆ 3,750. ಎಲ್ಲ ಸೇರಿ 40,900. ಮೊದಲಿದ್ದದ್ದರ ಎರಡು ಪಟ್ಟಿಗಿಂತ ಜಾಸ್ತಿ! ಹೊಸ ಬ್ಯಾಂಕಿಗೆ ಕಾಲಿಟ್ಟಿಲ್ಲ, ಹೊಸ ಆ್ಯಪ್ ಹಾಕಿಲ್ಲ.

ಎಫ್‌ಡಿ ಮುಗಿಯುವ ತಾರೀಖನ್ನು ಮಾತ್ರ ಬ್ಯಾಂಕಿನವರ ಬಾಯಿಗೆ ಬಿಡಬೇಡಿ, ತೋಟದ ಕೆಲಸ ನೋಡಿ ಹಾಕಿಸಿ. ನೀವು ಸರಾಸರಿ 75 ಸಾವಿರ ಅಂದಿರಿ, ಆದರೆ ಯಾವ ತೋಟದಲ್ಲೂ ಖರ್ಚು ಸಮನಾಗಿ ಬರುವುದಿಲ್ಲ, ಅಲ್ವಾ? ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಸಲು, ಒಂದು ಗಂಟು ಹೋಗುತ್ತದೆ. ಮಳೆ ಹಿಡಿಯುವ ಮೊದಲು ಗೊಬ್ಬರ, ಬೋರ್ಡೋ ಔಷಧಿ ಸಿಂಪಡಣೆ. ಆಮೇಲೆ ಅರೇಬಿಕಾ ಕಾಫಿ ಹಣ್ಣಾಗಿ ಕೊಯ್ಲು ಶುರುವಾದರೆ ವಾರದ ಬಟವಾಡೆಯೇ ಕೈ ಕಚ್ಚುತ್ತದೆ. ಕಳೆದ ವರ್ಷದ ತೋಟದ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು, ದೊಡ್ಡ ಖರ್ಚಿನ ಒಂದು ವಾರ ಮೊದಲು ಒಂದೊಂದು ಎಫ್‌ಡಿ ಮುಗಿಯುವ ಹಾಗೆ ಮಾಡಿ. ಎರಡೂಕಾಲು ಲಕ್ಷವನ್ನೂ ಒಂದೇ ರಸೀದಿ ಮಾಡಬೇಡಿ, 75 ಸಾವಿರದ ಮೂರು ಮಾಡಿ. ಮಧ್ಯದಲ್ಲಿ ಪಂಪ್ ಸೆಟ್ ಕೆಟ್ಟರೆ ಒಂದನ್ನು ಮುರಿದರೆ ಸಾಕು. ಮುರಿದಾಗ ಎಷ್ಟು ದಿನ ಇಟ್ಟಿದ್ದಿರೋ ಅಷ್ಟು ದಿನದ ದರ, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ಕಡಿಮೆ ಕೊಡುತ್ತಾರೆ. ಫಾರಂ ತುಂಬುವಾಗ ‘ಮುಗಿದ ದಿನ ಎಸ್‌ಬಿಗೆ ಜಮಾ’ ಅಂತ ಬರೆಸಿ. ಇಲ್ಲದಿದ್ದರೆ ತಾನಾಗಿ ಇನ್ನೊಂದು ಅವಧಿಗೆ ಹೋಗಿ ಕೂರುತ್ತದೆ. ಬಟವಾಡೆ ದಿನ ಗೊತ್ತಾಗುತ್ತದೆ.

ಇಷ್ಟೆಲ್ಲಾ ತಲೆನೋವು ಬೇಡ ಅಂದರೆ ‘ಆಟೋ ಸ್ವೀಪ್’ ಇದೆಯಾ ಕೇಳಿ. ಒಂದು ಮಿತಿ ದಾಟಿದ ದುಡ್ಡು ತಾನಾಗಿ ಎಫ್‌ಡಿಗೆ ಹೋಗುತ್ತದೆ, ಚೆಕ್ ಬಂದರೆ ತಾನಾಗಿ ಮುರಿದುಕೊಂಡು ಬರುತ್ತದೆ. ಕೈಯಲ್ಲಿ ಮಾಡಿದ ಎಫ್‌ಡಿಗಿಂತ ಸ್ವಲ್ಪ ಕಡಿಮೆ ಸಿಗಬಹುದು, ಆದರೆ ಸೋಮಾರಿಗಳಿಗೆ ಒಳ್ಳೆಯದು. ನನ್ನ ತಮ್ಮನಿಗೆ ನಾನೇ ಇದನ್ನು ಮಾಡಿಸಿಕೊಟ್ಟಿದ್ದೇನೆ.

ಹಾಗಾದರೆ ಎರಡನೇ ಬ್ಯಾಂಕ್ ಬೇಡವೇ ಬೇಡವಾ? ಬೇಕು, ಆದರೆ ಕಾರಣ ಬೇರೆ. ಯಾವುದೇ ಬ್ಯಾಂಕ್ ಮುಚ್ಚಿದರೆ ಒಬ್ಬ ಠೇವಣಿದಾರನಿಗೆ ವಿಮೆಯಿಂದ ಸಿಗುವುದು 5 ಲಕ್ಷದ ತನಕ ಮಾತ್ರ. ಅಸಲು, ಬಡ್ಡಿ, ಆ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಇರುವುದು, ಎಸ್‌ಬಿ, ಎಫ್‌ಡಿ ಎಲ್ಲಾ ಸೇರಿಸಿ. 2020ರ ಫೆಬ್ರವರಿ ತನಕ ಇದು ಬರೀ 1 ಲಕ್ಷ ಇತ್ತು. ದೊಡ್ಡ ಸರಕಾರಿ ಬ್ಯಾಂಕ್ ಮುಳುಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ 35 ಸಾವಿರಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ನಿವೃತ್ತಿ ಹಣ ಪೂರ್ತಿ ಅಲ್ಲೇ ಇಟ್ಟವರ ಮುಖ ಟಿವಿಯಲ್ಲಿ ನೋಡಿದ್ದೇನೆ. 2021ರ ಕಾನೂನು ತಿದ್ದುಪಡಿ ಆದ ಮೇಲೆ, ಹಾಗೆ ನಿರ್ಬಂಧ ಬಿದ್ದರೆ ವಿಮೆಯ ಹಣ 90 ದಿನದೊಳಗೆ ಕೊಡಬೇಕು.

ಸಣ್ಣ ಉಪಾಯ ಒಂದಿದೆ. ನಿಮ್ಮೊಬ್ಬರ ಹೆಸರಿನ ಖಾತೆಗೆ ಒಂದು 5 ಲಕ್ಷ. ನೀವು ಮತ್ತು ನಿಮ್ಮ ಮನೆಯವರು ಜಂಟಿಯಾಗಿ ಇಟ್ಟರೆ ಅದಕ್ಕೆ ಬೇರೆ 5 ಲಕ್ಷ. ಅವರ ಹೆಸರು ಮೊದಲು, ನಿಮ್ಮದು ಆಮೇಲೆ ಇರುವ ಇನ್ನೊಂದು ಜಂಟಿ ಖಾತೆಗೆ ಮತ್ತೆ ಬೇರೆ. ಅಂದರೆ ಬ್ಯಾಂಕ್ ಬದಲಿಸದೆಯೇ ನಿಮ್ಮ 12 ಲಕ್ಷ ವಿಮೆಯೊಳಗೆ ಬರುತ್ತದೆ. ಇದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ನಾನೂ ಕೌಂಟರಿನಲ್ಲಿದ್ದಾಗ ಹೇಳಿದ್ದು ಕಡಿಮೆಯೇ.

ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು ಎಸ್‌ಬಿಗೇ ಜಾಸ್ತಿ ಕೊಡುತ್ತವೆ, ಅವಕ್ಕೂ ಇದೇ 5 ಲಕ್ಷದ ವಿಮೆ ಇದೆ. ಒಂದು ಖಾತೆ ಅಲ್ಲಿ ಇರಲಿ, ತಪ್ಪಿಲ್ಲ. ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ದರ ಪೂರ್ತಿ ದುಡ್ಡಿಗೆ ಅಂದುಕೊಳ್ಳಬೇಡಿ, ಅಷ್ಟೆ. ಮೊದಲ 1 ಲಕ್ಷಕ್ಕೆ 3, ಅದರ ಮೇಲಿನದಕ್ಕೆ ಮಾತ್ರ 5 ಅಂತ ಇದ್ದರೆ, ನಾಲ್ಕೂವರೆ ಲಕ್ಷಕ್ಕೆ ಬರುವುದು 20,500. ಅಂದರೆ 4.55. ಅಲ್ಲಿ ನಾಲ್ಕೂವರೆ ಲಕ್ಷ ದಾಟಿಸಬೇಡಿ, ಬಡ್ಡಿ ಸೇರಿ 5 ಲಕ್ಷದೊಳಗೆ ಇರಲಿ.

ಇನ್ನೊಂದು. ನಿಮಗೆ ಸಾಲ ಇದೆಯಾ ಅಂತ ಬರೆದಿಲ್ಲ. ಬೆಳೆಗಾರರಿಗೆ ಸಾಲ ಇಲ್ಲದೆ ಇರುವುದು ಅಪರೂಪ, ಅದಕ್ಕೇ ಹೇಳುತ್ತಿದ್ದೇನೆ. 9 ಪರ್ಸೆಂಟಿನ ಚಿನ್ನದ ಸಾಲ ಇಟ್ಟುಕೊಂಡು 6 ಪರ್ಸೆಂಟಿನ ಎಫ್‌ಡಿ ಮಾಡಬೇಡಿ, ಮೊದಲು ಬಳೆ ಬಿಡಿಸಿ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆ ಸಾಲ ಇದ್ದರೆ ಅದನ್ನು ಬೇಗ ತೀರಿಸುವ ಆತುರ ಬೇಡ. ಆದರೆ ಗಡುವು ಒಂದು ದಿನವೂ ದಾಟಬಾರದು. ದಾಟಿದರೆ ಶೂನ್ಯ ಶೂನ್ಯವಾಗಿ ಉಳಿಯುವುದಿಲ್ಲ. ಆ ಗಡುವಿಗೂ ಒಂದು ಎಫ್‌ಡಿ ಮುಗಿಯಲಿ.

ತೆರಿಗೆ ವಿಷಯ: ಕಾಫಿ ಹಾಗೇ ಮಾರಿದ ದುಡ್ಡು ಕೃಷಿ ಆದಾಯ. ಅದಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿ ಕೃಷಿ ಆದಾಯ ಅಲ್ಲ. ಆಡಿಟರ್ ಹತ್ತಿರ ಬಡ್ಡಿಯನ್ನು ಬೇರೆಯಾಗಿ ತೋರಿಸಿ.

ಪ್ರಶ್ನೆ: ನಮ್ಮ ಯಜಮಾನರು ತೀರಿಹೋಗುವ ಮೊದಲು ‘ಒಂದೇ ಬುಟ್ಟಿಯಲ್ಲಿ ಇಡಬಾರದು’ ಅಂತ ಸಿಂಡಿಕೇಟ್ ಬ್ಯಾಂಕಿನಲ್ಲಿ 4 ಲಕ್ಷ, ಕೆನರಾ ಬ್ಯಾಂಕಿನಲ್ಲಿ 4 ಲಕ್ಷ ನನ್ನ ಹೆಸರಿಗೆ ಎಫ್‌ಡಿ ಮಾಡಿಸಿದ್ದರು. ಎರಡೂ ವಿಮೆಯ ಒಳಗಿದೆ ತಾನೆ? ನನಗೆ 66.
(ಬೇಲೂರು)

ಉತ್ತರ: ಅಮ್ಮಾ, ಅವರು ಮಾಡಿದಾಗ ಎರಡು ಬ್ಯಾಂಕ್ ಇತ್ತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು. ಈಗ ನಿಮ್ಮ ಎರಡೂ ಎಫ್‌ಡಿ ಒಂದೇ ಬ್ಯಾಂಕಿನವು, 8 ಲಕ್ಷದಲ್ಲಿ 5 ಲಕ್ಷಕ್ಕೆ ಮಾತ್ರ ವಿಮೆ. ಹೆದರಿ ಇವತ್ತೇ ಮುರಿಸಲು ಹೋಗಬೇಡಿ. ಒಂದು ಮುಗಿದ ದಿನ ಬೇರೆ ಕಡೆಗೆ ಹಾಕಿ.

ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಇದು ಎಷ್ಟೋ ಮನೆಯ ಕತೆ. ಬೀರುವಿನಲ್ಲಿ ನಾಲ್ಕು ಬಣ್ಣದ ಪಾಸ್‌ಬುಕ್ ಇರುತ್ತದೆ, ನಾಲ್ಕು ಬ್ಯಾಂಕ್ ಇರುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಹೋಯಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿಗೆ. ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ ಅಂತ ಒಂದಿತ್ತು, ನೆನಪಿದೆಯಾ? ಅದು 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಆಯಿತು, ಆಮೇಲೆ ಕರ್ನಾಟಕ ಗ್ರಾಮೀಣ ಬ್ಯಾಂಕ್. ಮದುವೆಯಾಗಿ ಹೋದ ಹುಡುಗಿಗೆ ಎರಡೆರಡು ಸಲ ಮನೆಯ ಹೆಸರು ಬದಲಾದ ಹಾಗೆ!

ನಿಮಗೆ 60 ದಾಟಿದೆ. ಬಿಡುಗಡೆಯಾದ 4 ಲಕ್ಷಕ್ಕೆ ನಾನಾದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ನೋಡುತ್ತೇನೆ. ಇದನ್ನು ಬರೆಯುವಾಗ ಬಡ್ಡಿ 8.2, ಐದು ವರ್ಷಕ್ಕೆ ಅದೇ ದರ ಗಟ್ಟಿ. ಮೂರು ತಿಂಗಳಿಗೊಮ್ಮೆ 8,200 ರೂಪಾಯಿ ಬರುತ್ತದೆ. ಸರಕಾರದ ಯೋಜನೆ, 5 ಲಕ್ಷದ ಮಿತಿಯ ಚಿಂತೆ ಇಲ್ಲ. ಜೊತೆಗೆ ಅಂಚೆ ಎಸ್‌ಬಿ ಖಾತೆ ಮಾಡಿಸುತ್ತಾರೆ. ಅದಕ್ಕೆ 4 ಪರ್ಸೆಂಟ್. ಆದರೆ ಅಲ್ಲಿ ಬಡ್ಡಿ ಹಳೇ ಲೆಕ್ಕದಲ್ಲಿ: ತಿಂಗಳ 10ರಿಂದ ಕೊನೆಯ ದಿನದ ತನಕ ಖಾತೆಯಲ್ಲಿ ಎಷ್ಟು ಕಡಿಮೆ ಇತ್ತೋ ಅಷ್ಟಕ್ಕೆ ಮಾತ್ರ. ಬ್ಯಾಂಕುಗಳಲ್ಲೂ 2010ರ ಮಾರ್ಚ್ ತನಕ ಹೀಗೇ ಇತ್ತು. ಆಗ ನಮ್ಮ ಶಾಖೆಗೆ ಒಬ್ಬರು ನಿವೃತ್ತ ಮೇಷ್ಟ್ರು ಪ್ರತಿ ತಿಂಗಳು 9ನೇ ತಾರೀಖು ಕೊಡೆ ಹಿಡಿದು ಬಂದು ದುಡ್ಡು ಕಟ್ಟುತ್ತಿದ್ದರು, ತೆಗೆಯಲು 1ನೇ ತಾರೀಖಿಗೇ ಬರುತ್ತಿದ್ದರು. ಈಗ ಬ್ಯಾಂಕಿನಲ್ಲಿ ದಿನದಿನದ ಬ್ಯಾಲೆನ್ಸಿಗೆ ಬಡ್ಡಿ. ಅಂಚೆ ಕಚೇರಿಗೆ ಮಾತ್ರ ನೀವೂ ಮೇಷ್ಟ್ರ ಹಾಗೆ ಹೋಗಿ.

ಯಜಮಾನರ ಹೆಸರೇ ನಾಮಿನಿ ಅಂತ ಉಳಿದಿದೆಯಾ ಎಂದು ಎರಡೂ ರಸೀದಿ ತೆಗೆದು ನೋಡಿ. 2025ರ ನವೆಂಬರ್‌ನಿಂದ ನಾಲ್ಕು ಜನರ ತನಕ ನಾಮಿನಿ ಹಾಕಬಹುದು. ಇಬ್ಬರು ಮಕ್ಕಳಿದ್ದರೆ ಇಬ್ಬರನ್ನೂ ಬರೆಸಿ, ಎಷ್ಟೆಷ್ಟು ಪಾಲು ಅಂತಲೂ ಬರೆಸಿ.

ಪ್ರಶ್ನೆ: ನಮ್ಮೂರಿನ ಸೌಹಾರ್ದ ಸಹಕಾರಿಯಲ್ಲಿ 10 ಪರ್ಸೆಂಟ್ ಕೊಡುತ್ತಾರೆ. ಬ್ಯಾಂಕಿನ ಎಫ್‌ಡಿ ತೆಗೆದು ಅಲ್ಲಿ ಹಾಕಲೇ?
(ಅರಸೀಕೆರೆ)

ಉತ್ತರ: ಸಹಕಾರಿ ಬ್ಯಾಂಕಿಗೆ ವಿಮೆ ಇದೆ. ಸಹಕಾರಿ ಸಂಘಕ್ಕೆ, ಸೌಹಾರ್ದಕ್ಕೆ ಇಲ್ಲ. 5 ಲಕ್ಷವೂ ಇಲ್ಲ, 5 ರೂಪಾಯಿಯೂ ಇಲ್ಲ. ಒಳ್ಳೆಯ ಸಂಘಗಳು ಬೇಕಾದಷ್ಟಿವೆ, ನಾನೇ ಒಂದರ ಸದಸ್ಯೆ. ಹೋದರೆ ಹೊಟ್ಟೆ ಉರಿಯುತ್ತದೆ ಆದರೆ ಅನ್ನಕ್ಕೆ ತೊಂದರೆ ಇಲ್ಲ ಅನ್ನುವಷ್ಟು ಮಾತ್ರ ಹಾಕಿ.

ಪ್ರಶ್ನೆ: ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸ. ಸಂಬಳದ ಖಾತೆಯಲ್ಲಿ ತಿಂಗಳಿಗೆ 3 ಸಾವಿರ ಉಳಿಸಬಹುದು, ಆದರೆ ತಿಂಗಳ ಕೊನೆಗೆ ನೋಡಿದರೆ ಇರುವುದಿಲ್ಲ. ಉಳಿತಾಯಕ್ಕೆ ಬೇರೆ ಬ್ಯಾಂಕಿನಲ್ಲಿ ಖಾತೆ ಮಾಡಲಾ ಅಕ್ಕಾ?

ಉತ್ತರ: ಬೇಡಮ್ಮಾ. ಇನ್ನೊಂದು ಖಾತೆ ಮಾಡಿದರೆ ಇನ್ನೊಂದು ಎಟಿಎಂ ಕಾರ್ಡ್ ಬರುತ್ತದೆ, ಅಲ್ಲಿಂದಲೂ ತೆಗೆಯುತ್ತೀಯ. ಈಗಿನ ಬ್ಯಾಂಕಿನಲ್ಲೇ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡಿಸು. ಸಂಬಳ ಬಿದ್ದ ಮರುದಿನವೇ 3 ಸಾವಿರ ತಾನಾಗಿ ಕಡಿತ ಆಗುವ ಹಾಗೆ ತಾರೀಖು ಹಾಕಿಸು. 20ನೇ ತಾರೀಖು ಅಂತ ಹಾಕಿಸಿದರೆ ಅಷ್ಟರಲ್ಲಿ ದುಡ್ಡು ಇರುವುದಿಲ್ಲ, ಅದು ನಿನಗೂ ಗೊತ್ತು. 6.25 ಪರ್ಸೆಂಟಿಗೆ ವರ್ಷದ ಕೊನೆಗೆ ನಿನ್ನ 36 ಸಾವಿರಕ್ಕೆ ಸುಮಾರು 1,200 ಬಡ್ಡಿ ಸೇರುತ್ತದೆ. ಅದೇ ದುಡ್ಡು ಎಸ್‌ಬಿಯಲ್ಲಿ ಇದ್ದರೆ 490 ಆಗುತ್ತಿತ್ತು, ಅದೂ ಮುಟ್ಟದೆ ಇದ್ದರೆ.

ಫ್ಯಾಕ್ಟರಿ ಬದಲಿಸಿದರೆ ಹೊಸಬರು ತಮ್ಮ ಬ್ಯಾಂಕಿನಲ್ಲಿ ಖಾತೆ ಮಾಡು ಅನ್ನುತ್ತಾರೆ. ಹಳೇದಕ್ಕೆ ಕೆಲವು ತಿಂಗಳು ಸಂಬಳ ಬರದೇ ಇದ್ದರೆ ಅದು ಮಾಮೂಲಿ ಖಾತೆಯಾಗುತ್ತದೆ, ಮಿನಿಮಮ್ ಬ್ಯಾಲೆನ್ಸ್ ಶುರುವಾಗಬಹುದು. ಎರಡು ವರ್ಷ ಕೈಯೇ ಹಾಕದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ, ಮತ್ತೆ ಆಧಾರ್, ಫೋಟೋ ಹಿಡಿದು ಹೋಗಬೇಕು. ಆರ್‌ಡಿ ಮುಗಿದ ಮೇಲೆ ಹಳೇ ಖಾತೆ ಮುಚ್ಚಿಸಿಬಿಡು. ನಿನ್ನ ಜೊತೆ ಕೆಲಸ ಮಾಡುವವರಲ್ಲಿ ಮೂರು ಹಳೇ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಂಡವರು ಇದ್ದೇ ಇರುತ್ತಾರೆ, ಅವರಿಗೂ ಹೇಳು.

ಪ್ರಶ್ನೆ: ನಾಲ್ಕು ಬ್ಯಾಂಕಿನಲ್ಲಿ ಎಫ್‌ಡಿ ಹಂಚಿದರೆ ಯಾರೂ ಟಿಡಿಎಸ್ (ಬಡ್ಡಿ ಕೊಡುವಾಗಲೇ ಬ್ಯಾಂಕ್ ಕಡಿತ ಮಾಡುವ ತೆರಿಗೆ) ಹಿಡಿಯುವುದಿಲ್ಲ, ತೆರಿಗೆಯೂ ಇಲ್ಲ ಅಂತ ಸ್ನೇಹಿತರು ಹೇಳಿದರು. ನಿಜವಾ? ನನಗೆ 70.
(ಸಕಲೇಶಪುರ)

ಉತ್ತರ: ಮೊದಲ ಅರ್ಧ ನಿಜ. 2025ರ ಏಪ್ರಿಲ್‌ನಿಂದ 60 ದಾಟಿದವರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ಬಡ್ಡಿಯ ತನಕ ಟಿಡಿಎಸ್ ಇಲ್ಲ. ಆದರೆ ನಾಲ್ಕೂ ಬ್ಯಾಂಕಿನ ಬಡ್ಡಿ ನಿಮ್ಮ ಒಂದೇ ಪ್ಯಾನ್ ನಂಬರಿನ ಕೆಳಗೆ ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಂದು ಕೂರುತ್ತದೆ. ರಿಟರ್ನ್ ತುಂಬುವಾಗ ಎಲ್ಲಾ ಕೂಡಿಸಲೇಬೇಕು. ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೆ, ಟಿಡಿಎಸ್ ಹಿಡಿಯಬೇಡಿ ಅಂತ ಹೇಳುವ, 15ಎಚ್ ಅಂತ ಎಲ್ಲರ ಬಾಯಲ್ಲಿರುವ ಆ ಘೋಷಣೆಯನ್ನು ಬ್ಯಾಂಕಿಗೆ ಕೊಡಿ, ಕೊಟ್ಟದ್ದಕ್ಕೆ ಸೀಲ್ ಹಾಕಿದ ಪ್ರತಿ ಇಸಿದುಕೊಳ್ಳಿ. ಏಪ್ರಿಲ್ ಮೊದಲ ವಾರ ಹೋಗಬೇಡಿ, ವರ್ಷಾಂತ್ಯದ ಕೆಲಸದಲ್ಲಿ ಅವರಿಗೆ ತಲೆ ಎತ್ತಲು ಆಗುವುದಿಲ್ಲ. ಎರಡನೇ ವಾರ, ಊಟದ ಹೊತ್ತಿಗೆ ಮೊದಲು.